ತೆರೆದು ತೊಳೆಯಲಾಗದ ಫ್ಯಾನು

ಯುಗಾದಿ ಕಳೆದು ಬಿಸಿಲು ಏರುತ್ತಿದ್ದಂತೆ ಎಲೆಕ್ಟ್ರಾನಿಕ್ಸ್ ಮಳಿಗೆಗಳ ಬಾಗಿಲಲ್ಲೇ ಟವರ್ ಫ್ಯಾನುಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಸೊಂಟದೆತ್ತರ, ಒಂದು ಗೇಣು ಅಗಲ, ನುಣುಪಾದ ಕಪ್ಪು ಅಥವಾ ಬಿಳಿ ಮೈ, ಜೊತೆಗೊಂದು ರಿಮೋಟು. ರೆಕ್ಕೆ ಕಾಣುವುದಿಲ್ಲ, ಹೆಚ್ಚು ಜಾಗ ಬೇಡ, ಮಕ್ಕಳ ಬೆರಳು ಸಿಕ್ಕೀತೆಂಬ ಭಯವೂ ಇಲ್ಲ. 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಉಷ್ಣಾಂಶ 38 ಡಿಗ್ರಿ ದಾಟಿತ್ತು. ಅದುವರೆಗೆ ಫ್ಯಾನಿನ ಹಂಗಿಲ್ಲದೆ ಬೇಸಿಗೆ ಕಳೆಯುತ್ತಿದ್ದ ಮನೆಗಳೂ ಆ ವರ್ಷ ಗಾಳಿಗಾಗಿ ಅಂಗಡಿ ಹುಡುಕಿದವು. ಅವಸರದಲ್ಲಿ ಕೊಳ್ಳುವವರ ಕಣ್ಣಿಗೆ ಮೊದಲು ಬೀಳುವುದು ಇದೇ ಫ್ಯಾನು. ಕೊಳ್ಳುವ ಮುನ್ನ ತಿಳಿದಿರಬೇಕಾದ ಹಲವು ಸಂಗತಿಗಳನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಈ ಫ್ಯಾನಿನ ಕೊರತೆಗಳು ಒಂದೊಂದೂ ಬೇರೆ ಎನ್ನಿಸಿದರೂ ಹೆಚ್ಚಿನವುಗಳ ಬೇರು ಒಂದೇ. ತಿರುಗುವ ಭಾಗವನ್ನು ಕಿರಿದಾದ ಕವಚದೊಳಗೆ ಅಡಗಿಸಿದ್ದರಿಂದ ಚಂದವೂ ಬಂತು, ತೊಂದರೆಯೂ ಬಂತು.

ಕವಚದೊಳಗೆ ಇರುವುದು ನಮಗೆ ಪರಿಚಿತವಾದ ರೆಕ್ಕೆಯಲ್ಲ, ಉದ್ದನೆಯ ಉರುಳೆ. ಅದರ ಸುತ್ತ ಬೆರಳಿನಷ್ಟೇ ಅಗಲದ, ಬಾಗಿದ ಹತ್ತಾರು ಪಟ್ಟಿಗಳು. ಪೌಲ್ ಮಾರ್ಟಿಯೆ ಎಂಬ ಫ್ರೆಂಚ್ ಎಂಜಿನಿಯರ್ 1893ರಲ್ಲಿ ಇಂಥ ಯಂತ್ರಕ್ಕೆ ಪೇಟೆಂಟ್ ಪಡೆದ. ಗಣಿಗಳಿಗೆ ಗಾಳಿಯಾಡಿಸಲು ಅದನ್ನು ಬಳಸಿದರು. ಗಾಳಿ ಹಿಂಬದಿಯ ಪಟ್ಟಿಗಳ ಸಂದಿನಿಂದ ಒಳನುಗ್ಗಿ, ಉರುಳೆಯ ಹೊಟ್ಟೆಯನ್ನು ಅಡ್ಡ ಹಾಯ್ದು, ಮುಂಬದಿಯ ಪಟ್ಟಿಗಳ ನಡುವಿನಿಂದ ಎರಡನೇ ಸಲ ತಳ್ಳಿಸಿಕೊಂಡು ಹೊರಬರುತ್ತದೆ. ಹೀಗೆ ಹಾಯುವಾಗ ಉರುಳೆಯೊಳಗೆ ಒಂದು ಸುಳಿ ಏಳುತ್ತದೆ. ಆ ಸುಳಿಯಿಲ್ಲದೆ ಯಂತ್ರ ಕೆಲಸವನ್ನೇ ಮಾಡದು, ಆದರೆ ಕರೆಂಟಿನ ಒಂದು ಪಾಲನ್ನು ಅದೇ ತಿಂದುಹಾಕುತ್ತದೆ. ಆದ್ದರಿಂದ ಈ ಬಗೆಯ ಫ್ಯಾನು ಹುಟ್ಟಿನಿಂದಲೇ ದುಬಾರಿ ದುಡಿಮೆಯದು. ಸ್ಪ್ಲಿಟ್ ಎಸಿಯ ಒಳಗಿರುವುದೂ ಇಂಥದೇ ಉರುಳೆ, ಅಡ್ಡಡ್ಡ ಮಲಗಿಸಿರುತ್ತಾರೆ. ಅಲ್ಲಿ ಅದು ಸರಿಯಾದ ಆಯ್ಕೆ. ಏಕೆಂದರೆ ಕೋಣೆಯನ್ನು ತಂಪು ಮಾಡುವುದು ಕಂಪ್ರೆಸರಿನ ಕೆಲಸ, ತಣ್ಣಗಿನ ಕೊಳವೆಗಳ ಮೇಲೆ ಗಾಳಿ ಹಾಯಿಸಿ ಹರಡುವುದಷ್ಟೇ ಉರುಳೆಯ ಪಾಲಿನದು. ಟವರ್ ಫ್ಯಾನಿನಲ್ಲಿ ಹಿಂದೆ ಯಾವ ಕಂಪ್ರೆಸರೂ ಇಲ್ಲ. ಇರುವುದು ಗಾಳಿಯೊಂದೇ, ಅದೇ ಕಡಿಮೆ.

ಎಷ್ಟು ಕಡಿಮೆ? ಮನೆಯಲ್ಲಿ ಸಾಮಾನ್ಯವಾಗಿರುವ 1200 ಮಿಲಿಮೀಟರ್ ಅಳತೆಯ ಸೀಲಿಂಗ್ ಫ್ಯಾನು ಪೂರ್ಣ ವೇಗದಲ್ಲಿ ನಿಮಿಷಕ್ಕೆ 210 ಘನ ಮೀಟರ್ ಆಸುಪಾಸಿನಷ್ಟು ಗಾಳಿ ಸರಿಸುತ್ತದೆ. 400 ಮಿಲಿಮೀಟರಿನ ಪೆಡೆಸ್ಟಲ್ ಫ್ಯಾನಿನದು ಸುಮಾರು 60. ಸಾಧಾರಣ ಟವರ್ ಫ್ಯಾನಿನದು 15ರಿಂದ 30ರ ನಡುವೆ. ಅಳೆಯುವ ವಿಧಾನ ಒಂದೊಂದಕ್ಕೆ ಒಂದೊಂದು ಬಗೆ, ಹಾಗಾಗಿ ಈ ಅಂಕಿಗಳನ್ನು ತಕ್ಕಡಿಯಲ್ಲಿ ತೂಗಿದಂತೆ ಹೋಲಿಸಬಾರದು. ಆದರೂ ಅಂತರ ಎಷ್ಟು ದೊಡ್ಡದು ಎನ್ನುವುದರಲ್ಲಿ ಸಂಶಯವಿಲ್ಲ. ಕರೆಂಟಿನ ಲೆಕ್ಕದಲ್ಲಿ ನೋಡಿದರೆ ಇನ್ನೂ ಸ್ಪಷ್ಟ. ಕೇಂದ್ರದ ಇಂಧನ ದಕ್ಷತಾ ಸಂಸ್ಥೆ, ಅಂದರೆ ಬಿಇಇ, 2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೆ ನಕ್ಷತ್ರದ ಚೀಟಿಯನ್ನು ಕಡ್ಡಾಯ ಮಾಡಿದೆ. 1200 ಮಿಲಿಮೀಟರಿನ ಫ್ಯಾನಿಗೆ ಐದು ನಕ್ಷತ್ರ ಬೇಕಾದರೆ ಪ್ರತಿ ವಾಟಿಗೆ ನಿಮಿಷಕ್ಕೆ ಕನಿಷ್ಠ 6 ಘನ ಮೀಟರ್ ಗಾಳಿ ಕೊಡಬೇಕು. ಕಡಿಮೆ ಕರೆಂಟು ತಿನ್ನುವ ಬಿಎಲ್‌ಡಿಸಿ ಮೋಟಾರಿನ ಫ್ಯಾನುಗಳು 28ರಿಂದ 35 ವಾಟಿನಲ್ಲೇ ಅದನ್ನು ಸಾಧಿಸುತ್ತವೆ. ಟವರ್ ಫ್ಯಾನು 45, 50 ವಾಟು ತೆಗೆದುಕೊಂಡು ಪ್ರತಿ ವಾಟಿಗೆ ಒಂದು ಘನ ಮೀಟರನ್ನೂ ಮುಟ್ಟುವುದಿಲ್ಲ. ಯುರೋಪಿನ ಒಕ್ಕೂಟದಲ್ಲಿ 2013ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ಮನೆಯಲ್ಲಿ ಬಳಸುವ ಯಾವುದೇ ಫ್ಯಾನು ಎಷ್ಟು ಗಾಳಿ ಕೊಡುತ್ತದೆ, ಎಷ್ಟು ವಾಟು ತಿನ್ನುತ್ತದೆ, ಎಷ್ಟು ಸದ್ದು ಮಾಡುತ್ತದೆ ಎಂಬುದನ್ನು ತಯಾರಕರು ಬಹಿರಂಗಪಡಿಸಲೇಬೇಕು. ನಮ್ಮಲ್ಲಿ ಟವರ್ ಫ್ಯಾನಿನ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಕಾಣುವುದು ವೇಗದ ಹಂತಗಳ ಸಂಖ್ಯೆ, ಟೈಮರು, ರಿಮೋಟು. ಗಾಳಿಯ ಅಂಕಿಯನ್ನು ಹುಡುಕಬೇಕು.

ಗಾಳಿ ಕಡಿಮೆಯಾದರೂ ನೇರವಾಗಿ ಮೈಮೇಲೆ ಬಂದರೆ ಸಾಕಲ್ಲವೇ ಎಂದು ಕೇಳಬಹುದು. ಹತ್ತಿರ ಕೂತವರಿಗೆ ಸಾಕು. ದೂರ ಹೋದಷ್ಟೂ ಲೆಕ್ಕ ಬದಲಾಗುತ್ತದೆ. ಯಾವ ಕಿಂಡಿಯಿಂದ ಗಾಳಿ ಹೊರಬಂದರೂ ಸುತ್ತಲಿನ ನಿಶ್ಚಲ ಗಾಳಿ ಅದರ ಅಂಚನ್ನು ಕೊರೆಯುತ್ತಾ ಹೋಗುತ್ತದೆ. ನಡುವಿನ ಗಟ್ಟಿ ಧಾರೆ ಉಳಿಯುವುದು ಕಿಂಡಿಯ ಅಗಲದ ಐದಾರು ಪಟ್ಟು ದೂರದವರೆಗೆ ಮಾತ್ರ. ಟವರ್ ಫ್ಯಾನಿನ ಸೀಳು ಎಂಟು ಸೆಂಟಿಮೀಟರ್ ಅಗಲವಿದ್ದರೆ ಆ ಧಾರೆ ಅರ್ಧ ಮೀಟರಿಗೇ ಸಡಿಲವಾಗುತ್ತದೆ. ಮೂರು ಮೀಟರ್ ಆಚೆ ಮಂಚದ ಮೇಲಿರುವವರಿಗೆ ತಲುಪುವಾಗ ಹೊರಟ ವೇಗದ ಅರ್ಧವೂ ಉಳಿದಿರುವುದಿಲ್ಲ. ನಲವತ್ತು ಸೆಂಟಿಮೀಟರ್ ಅಗಲದ ಪೆಡೆಸ್ಟಲ್ ಫ್ಯಾನಿನ ಧಾರೆ ಅದೇ ಕಾರಣಕ್ಕೆ ಕೋಣೆಯ ಆ ತುದಿಗೂ ಮುಟ್ಟುತ್ತದೆ. ಅಂಗಡಿಯಲ್ಲಿ ನಾವು ಪರೀಕ್ಷೆ ಮಾಡುವುದು ಫ್ಯಾನಿನ ಮುಂದೆ ಕೈಯೊಡ್ಡಿ, ಒಂದಡಿ ದೂರದಲ್ಲಿ. ಅಷ್ಟು ಹತ್ತಿರದಲ್ಲಿ ಇದು ಎಲ್ಲರ ಮನಸ್ಸನ್ನೂ ಗೆಲ್ಲುತ್ತದೆ. ಹತ್ತು ಅಡಿ ಹಿಂದೆ ಸರಿದು ನಿಂತು ನೋಡಬೇಕು.

ಇದಕ್ಕಿಂತ ದೊಡ್ಡ ತೊಡಕು ಗಾಳಿಯ ಆಕಾರದ್ದು. ಈ ಬಗ್ಗೆ ಯಾರೂ ಮಾತಾಡಿದ್ದನ್ನು ನಾನು ಕೇಳಿಲ್ಲ. ಟವರ್ ಫ್ಯಾನಿನ ಗಾಳಿ ಎತ್ತರಕ್ಕೆ ನಿಂತ, ತೆಳ್ಳನೆಯ ಹಾಳೆ. ನಿಂತವರಿಗೆ, ಕುರ್ಚಿಯಲ್ಲಿ ಕೂತವರಿಗೆ ಅದು ಕಾಲಿನಿಂದ ಕತ್ತಿನವರೆಗೆ ಹೊಂದುತ್ತದೆ. ಆದರೆ ನಮಗೆ ಫ್ಯಾನು ತೀರಾ ಬೇಕಾಗುವುದು ರಾತ್ರಿ, ಮಲಗಿದಾಗ. ಮಲಗಿದ ಮೈ ಉದ್ದಕ್ಕೆ ಚಾಚಿರುತ್ತದೆ, ಗಾಳಿ ಮೇಲಕ್ಕೆ ಚಾಚಿರುತ್ತದೆ. ಆ ಹಾಳೆಯ ಕೆಳಗಿನ ಒಂದು ತುಂಡು ಮಾತ್ರ ಮೈಗೆ ತಾಗಿ ಉಳಿದದ್ದೆಲ್ಲ ಮೇಲಿನಿಂದಲೇ ಹಾರಿಹೋಗುತ್ತದೆ. ನಡುಮನೆಯಲ್ಲಿ ಚಾಪೆ ಹಾಸಿ ಸಾಲಾಗಿ ಮಲಗುವ ಮನೆಗಳಲ್ಲಂತೂ ಗಾಳಿ ಹೊರಬರುವ ಸೀಳು ಶುರುವಾಗುವುದೇ ಮಲಗಿದವರ ತಲೆಗಿಂತ ಮೇಲೆ. ಫ್ಯಾನು ಎಡಕ್ಕೆ ಬಲಕ್ಕೆ ತಿರುಗುವಂತೆ ಗುಂಡಿ ಒತ್ತಿದರೆ ನಾಲ್ವರಿಗೂ ಸರದಿ ಸಿಗುತ್ತದೆ, ನಿಜ. ಒಬ್ಬರ ಬೆವರು ಆರುವಷ್ಟರಲ್ಲಿ ಅದು ಮುಂದಿನವರತ್ತ ತಿರುಗಿರುತ್ತದೆ. ನಡುರಾತ್ರಿ ಇಬ್ಬರು ಮಕ್ಕಳು ಅದನ್ನು ತಮ್ಮ ಕಡೆಗೆ ತಿರುಗಿಸಲು ಜಗಳಾಡುವ ಮನೆಗಳುಂಟು. ಸೀಲಿಂಗ್ ಫ್ಯಾನಿನ ಕೆಳಗೆ ಈ ಪ್ರಶ್ನೆಯೇ ಏಳುವುದಿಲ್ಲ. ಅದು ಇಡೀ ಚಾಪೆಯ ಮೇಲೆ ಒಮ್ಮೆಗೇ ಗಾಳಿ ಸುರಿಯುತ್ತದೆ.

ಯಾವ ಫ್ಯಾನೂ ಕೋಣೆಯನ್ನು ತಣ್ಣಗೆ ಮಾಡುವುದಿಲ್ಲ. ಮೋಟಾರಿನ ಶಾಖದಿಂದ ಒಂದಿಷ್ಟು ಬಿಸಿ ಮಾಡುತ್ತದೆ ಎಂದರೂ ಸರಿಯೇ. ಅದು ಮಾಡುವ ಉಪಕಾರ ಬೆವರನ್ನು ಬೇಗ ಆರಿಸುವುದು. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ದೇಹದಿಂದ ಸುಮಾರು 2,400 ಕಿಲೋಜೂಲ್ ಶಾಖ ಹೊರಟುಹೋಗುತ್ತದೆ. ಮಂಗಳೂರು, ಉಡುಪಿ, ಕಾರವಾರದ ಸೆಖೆಯಲ್ಲಿ ಗಾಳಿ ಮೊದಲೇ ತೇವದಿಂದ ತುಂಬಿರುವುದರಿಂದ ಬೆವರು ತಾನಾಗಿ ಆರದು. ಅಲ್ಲಿ ಮೈಮೇಲೆ ಹಾಯುವ ಗಾಳಿಯ ವೇಗವೇ ಎಲ್ಲ, ಟವರ್ ಫ್ಯಾನು ಹಿಂದೆ ಬೀಳುವುದೂ ಅದೇ ವಿಷಯದಲ್ಲಿ. ಕಲಬುರಗಿ, ರಾಯಚೂರಿನ ಕತೆ ಬೇರೆ. ಗಾಳಿಯೇ ಚರ್ಮಕ್ಕಿಂತ ಬಿಸಿಯಾಗಿದ್ದಾಗ ಫ್ಯಾನು ಬೆವರನ್ನು ಆರಿಸುವುದರ ಜೊತೆಗೆ ಹೊರಗಿನ ಶಾಖವನ್ನೂ ಮೈಗೆ ತಂದು ಬಡಿಯುತ್ತದೆ. ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 40 ಡಿಗ್ರಿಯ ತೇವದ ಧಗೆಯಲ್ಲಿ ಫ್ಯಾನು ನೆರವಾಯಿತು, 47 ಡಿಗ್ರಿಯ ಒಣ ಧಗೆಯಲ್ಲಿ ದೇಹವನ್ನು ಇನ್ನಷ್ಟು ಕಾಯಿಸಿತು. ಕೋಣೆಯ ಉಷ್ಣಾಂಶ 40 ಡಿಗ್ರಿ ದಾಟಿದರೆ ಫ್ಯಾನನ್ನು ನೆಚ್ಚಬೇಡಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಾಸಿಗೆ ಹಿಡಿದ ಹಿರಿಯರ ಮುಖಕ್ಕೆ ಹತ್ತಿರ ಟವರ್ ಫ್ಯಾನು ಇಟ್ಟು ಮಧ್ಯಾಹ್ನವಿಡೀ ಬಿಡುವ ಅಭ್ಯಾಸವಿದ್ದರೆ ಬಯಲುಸೀಮೆಯವರು ಈ ಮಾತನ್ನು ಗಮನಿಸಬೇಕು. ಒದ್ದೆ ಬಟ್ಟೆಯಿಂದ ಮೈ ಒರೆಸುವುದು, ನೀರು ಕುಡಿಸುವುದು ಅಂಥ ಹೊತ್ತಿನಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಟವರ್ ಫ್ಯಾನಿನದೇ ಆಕಾರದಲ್ಲಿ ನೀರಿನ ತೊಟ್ಟಿ, ಒದ್ದೆಯಾಗುವ ಪ್ಯಾಡು ಇರುವ ಟವರ್ ಕೂಲರ್‌ಗಳೂ ಬಂದಿವೆ. ಅಂಗಡಿಯವರು ಎರಡನ್ನೂ ಒಂದೇ ಉಸಿರಿನಲ್ಲಿ ತೋರಿಸುತ್ತಾರೆ. ಒಣ ಸೀಮೆಯಲ್ಲಿ, ಕಿಟಕಿ ತೆರೆದಿದ್ದರೆ ಕೂಲರು ನಿಜಕ್ಕೂ ತಂಪು ಕೊಡುತ್ತದೆ. ಕರಾವಳಿಯಲ್ಲಿ ಅದು ಸೆಖೆಗೆ ಸೆಖೆ ಸೇರಿಸುವ ಯಂತ್ರ. ಕೇವಲ ಫ್ಯಾನು ಕೊಂಡು ಕೂಲರಿನ ತಂಪು ನಿರೀಕ್ಷಿಸಿದವರಿಗೆ ನಿರಾಸೆ ಖಂಡಿತ.

ಈಗ ಧೂಳಿನ ವಿಷಯಕ್ಕೆ ಬರೋಣ. ನನ್ನ ದೃಷ್ಟಿಯಲ್ಲಿ ಈ ಫ್ಯಾನಿನ ಅತಿ ದೊಡ್ಡ ದೋಷ ಇಲ್ಲಿದೆ.

ಫ್ಯಾನು ಅಂದಮೇಲೆ ಧೂಳು ಕಟ್ಟುವುದು ಸಹಜ. ಸೀಲಿಂಗ್ ಫ್ಯಾನಿನ ರೆಕ್ಕೆಯ ಅಂಚಿನಲ್ಲಿ ಕಪ್ಪು ಗೆರೆ ಕಂಡ ದಿನ ಸ್ಟೂಲು ಹತ್ತಿ ಒದ್ದೆ ಬಟ್ಟೆಯಿಂದ ಒರೆಸುತ್ತೇವೆ. ಪೆಡೆಸ್ಟಲ್ ಫ್ಯಾನಿನ ಜಾಲರಿಯ ಕ್ಲಿಪ್ಪು ಬಿಚ್ಚಿ, ರೆಕ್ಕೆ ಕಳಚಿ, ಬಚ್ಚಲಲ್ಲಿ ಸೋಪು ಹಚ್ಚಿ ತೊಳೆದರೆ ಹೊಸದರಂತಾಗುತ್ತದೆ. ಟವರ್ ಫ್ಯಾನಿನಲ್ಲಿ ಹಿಂಬದಿಯ ಜಾಲರಿ ಕಾಣುತ್ತದೆ, ಕೆಲವು ಮಾದರಿಗಳಲ್ಲಿ ಅದು ಕಳಚಿಕೊಳ್ಳುತ್ತದೆ, ಅಷ್ಟೇ. ಉರುಳೆಗೆ ಕೈ ತಾಗಬೇಕಾದರೆ ಇಡೀ ಕವಚ ಬಿಚ್ಚಬೇಕು. ಸ್ಕ್ರೂಗಳು ಆಳದ ತೂತುಗಳೊಳಗೆ ಇರುತ್ತವೆ, ಅವುಗಳ ಜೊತೆ ಪ್ಲಾಸ್ಟಿಕ್ಕಿನ ಕೊಂಡಿಗಳು. ಒಮ್ಮೆ ಬಲವಂತವಾಗಿ ಎಬ್ಬಿಸಿದರೆ ಆ ಕೊಂಡಿಗಳು ಮುರಿದು ಮತ್ತೆ ಕೂಡುವುದಿಲ್ಲ. ಅನೇಕ ಕೈಪಿಡಿಗಳಲ್ಲಿ ಕವಚ ಬಿಚ್ಚಬಾರದು, ಹೊರಗಿನಿಂದ ಒರೆಸಿ ಎಂದೇ ಬರೆದಿರುತ್ತದೆ. ಹೊರಗಿನಿಂದ ಒರೆಸಿದರೆ ಒಳಗಿನದು ಹೋಗುವುದು ಹೇಗೆ?

ಒಳಗೆ ನಡೆಯುವುದು ಇಷ್ಟು. ಬಾಗಿದ ಆ ಕಿರುಪಟ್ಟಿಗಳ ಕುಳಿಯಲ್ಲಿ ಮೊದಲು ನವಿರಾದ ಪುಡಿ ಕೂರುತ್ತದೆ. ಅಡುಗೆಮನೆಯ ಒಗ್ಗರಣೆಯ ಹೊಗೆ, ದೇವರಮನೆಯ ಊದುಬತ್ತಿ, ಸೊಳ್ಳೆಬತ್ತಿ ಇವೆಲ್ಲ ಸೇರಿ ಅದನ್ನು ಜಿಡ್ಡಾಗಿಸುತ್ತವೆ. ಕೂದಲು, ಹೊದಿಕೆಯ ಎಳೆಗಳು ಅಂಟಿಕೊಳ್ಳುತ್ತವೆ. ದೊಡ್ಡ ರೆಕ್ಕೆಯ ಮೇಲೆ ಒಂದು ಮಿಲಿಮೀಟರ್ ಧೂಳು ಕೂತರೆ ಅಷ್ಟೇನೂ ವ್ಯತ್ಯಾಸವಾಗದು. ಒಂದು ಸೆಂಟಿಮೀಟರ್ ಅಗಲದ ಪಟ್ಟಿಯ ಮೇಲೆ ಅದೇ ಒಂದು ಮಿಲಿಮೀಟರ್ ಕೂತರೆ ಪಟ್ಟಿಯ ಬಾಗೇ ಬದಲಾಗಿಬಿಡುತ್ತದೆ, ಸಂದು ಕಿರಿದಾಗುತ್ತದೆ. ಗಾಳಿ ವರ್ಷದಿಂದ ವರ್ಷಕ್ಕೆ ತೆಳುವಾಗುತ್ತದೆ. ಮೋಟಾರು ಸರಿಯಾಗೇ ತಿರುಗುತ್ತಿರುವುದರಿಂದ ಸದ್ದು ಕಡಿಮೆಯಾಗುವುದಿಲ್ಲ, ಗಾಳಿ ಮಾತ್ರ ಕಡಿಮೆ. ಧೂಳು ಒಂದು ಬದಿಗೆ ಹೆಚ್ಚು ಕೂತರೆ ಉರುಳೆಯ ಸಮತೋಲ ತಪ್ಪಿ ಕವಚವೆಲ್ಲ ನಡುಗುತ್ತದೆ. ಮನೆಯವರು ಮೋಟಾರು ಸೋತಿತೆಂದು ಭಾವಿಸಿ ಹೊಸದು ತರುತ್ತಾರೆ. ಸೋತದ್ದು ಮೋಟಾರಲ್ಲ, ತೊಳೆಯಲು ದಾರಿ ಇಡದ ವಿನ್ಯಾಸ. ಇನ್ನು, ಆ ಧೂಳಿನ ಮೇಲೆ ಹಾಯ್ದು ಬಂದ ಗಾಳಿಯೇ ರಾತ್ರಿಯಿಡೀ ಮಕ್ಕಳ ಮುಖದ ಮೇಲೆ ಬೀಸುತ್ತದೆ. ಅಸ್ತಮಾ, ಅಲರ್ಜಿ ಇರುವವರ ಮನೆಯಲ್ಲಿ ಇದನ್ನು ಸಣ್ಣ ಮಾತೆಂದು ತಳ್ಳಿಹಾಕುವಂತಿಲ್ಲ. ಹಿಂಬದಿಯ ಜಾಲರಿಯನ್ನು ಫಿಲ್ಟರ್ ಎಂದು ಕರೆದು ಮಾರುವುದುಂಟು. ಅದು ದೊಡ್ಡ ಎಳೆಗಳನ್ನು ತಡೆಯುತ್ತದೆ, ಉಸಿರಿಗೆ ತೊಂದರೆ ಕೊಡುವ ನವಿರಾದ ಕಣಗಳನ್ನು ತಡೆಯುವುದಿಲ್ಲ.

ಕೆಟ್ಟರೆ ಏನು ಗತಿ? ಸೀಲಿಂಗ್ ಫ್ಯಾನು ನಿಧಾನವಾದರೆ ಯಾವ ಹಳ್ಳಿಯ ಎಲೆಕ್ಟ್ರಿಷಿಯನ್ನಿಗೂ ಗೊತ್ತು, ಕೆಪಾಸಿಟರ್ ಹೋಗಿದೆ. ಎರಡೂವರೆ ಮೈಕ್ರೋಫ್ಯಾರಡ್‌ನ ಅದನ್ನು ಹತ್ತು ನಿಮಿಷದಲ್ಲಿ ಬದಲಿಸುತ್ತಾರೆ. ಕರಕರ ಸದ್ದು ಬಂದರೆ ಬೇರಿಂಗು, ಸುಟ್ಟ ವಾಸನೆ ಬಂದರೆ ವೈಂಡಿಂಗು. ಎಲ್ಲದಕ್ಕೂ ಪೇಟೆಯಲ್ಲಿ ಬಿಡಿಭಾಗ ಸಿಗುತ್ತದೆ, ಕೈಗೆ ಕೆಲಸ ಗೊತ್ತಿರುವವರು ಸಿಗುತ್ತಾರೆ. ಮೂವತ್ತು ವರ್ಷ ತಿರುಗಿದ ಸೀಲಿಂಗ್ ಫ್ಯಾನುಗಳು ನಮ್ಮ ಮನೆಗಳಲ್ಲಿ ಇರುವುದು ಈ ಕೈಗಳಿಂದಾಗಿ.

ಟವರ್ ಫ್ಯಾನನ್ನು ಅದೇ ಅಂಗಡಿಗೆ ಹೊತ್ತೊಯ್ದರೆ ಹೆಚ್ಚಿನವರು ಕೈ ಹಾಕಲು ಹಿಂಜರಿಯುತ್ತಾರೆ. ಅವರ ತಪ್ಪಿಲ್ಲ. ಉರುಳೆಯ ಕೆಳತುದಿ ಮೋಟಾರಿಗೆ, ಮೇಲ್ತುದಿ ರಬ್ಬರಿನೊಳಗೆ ಕೂತ ಸಣ್ಣ ಬುಷ್‌ಗೆ ಆತುಕೊಂಡಿರುತ್ತದೆ. ಬುಷ್‌ನ ಎಣ್ಣೆ ಒಣಗಿದಾಗ ಕೀರಲು ಸದ್ದು ಶುರು. ಒಂದು ಹನಿ ಎಣ್ಣೆಯಿಂದ ಮುಗಿಯುವ ಕೆಲಸ, ಆದರೆ ಆ ಹನಿ ಬಿಡಲು ಇಡೀ ಕವಚ ಬಿಚ್ಚಬೇಕು. ಬಿಚ್ಚದೆ ಹಾಗೇ ಓಡಿಸಿದರೆ ಮೋಟಾರು ಬಿಸಿಯಾಗಿ ವೈಂಡಿಂಗಿನ ಒಳಗೆ ಹೂತಿಟ್ಟ ಶಾಖದ ಫ್ಯೂಸು ಸುಡುತ್ತದೆ. ಆ ಫ್ಯೂಸು ಬೆಂಕಿ ಹೊತ್ತದಂತೆ ಕಾಯುವುದಕ್ಕೆ ಇರುವಂಥದ್ದು, ಇರಲೇಬೇಕು. ಆದರೆ ಅದನ್ನು ಬದಲಿಸುವಂತೆ ಇಟ್ಟಿರುವುದಿಲ್ಲವಾದ್ದರಿಂದ ಅಗ್ಗದ ಒಂದು ಬಿಡಿಭಾಗಕ್ಕಾಗಿ ಇಡೀ ಮೋಟಾರು ಗುಜರಿಗೆ ಹೋಗುತ್ತದೆ. ಫ್ಯಾನು ಎಡಬಲಕ್ಕೆ ತಿರುಗುವ ಪೀಠದೊಳಗಿನ ತಂತಿ ದಿನವೂ ಮಡಿಸಿ ಬಿಡಿಸಿ ತುಂಡಾಗುವುದುಂಟು. ಟಚ್ ಗುಂಡಿಗಳ ಹಿಂದಿನ ಸರ್ಕ್ಯೂಟ್ ಬೋರ್ಡು ವೋಲ್ಟೇಜಿನ ಏರಿಳಿತಕ್ಕೆ ಸತ್ತರೆ, ಆ ಮಾದರಿ ಮಾರುಕಟ್ಟೆಯಿಂದ ಹೋಗಿದ್ದರೆ, ಬದಲಿ ಬೋರ್ಡು ಸಿಗುವುದೂ ಕಷ್ಟ. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ಪೋರ್ಟಲ್ ತೆರೆಯಿತು, ಗೃಹೋಪಯೋಗಿ ಉಪಕರಣಗಳೂ ಅದರ ವ್ಯಾಪ್ತಿಯಲ್ಲಿವೆ. ಫ್ರಾನ್ಸ್ 2021ರಲ್ಲಿ ಮೊಬೈಲು, ವಾಷಿಂಗ್ ಮಷೀನು ಮುಂತಾದವುಗಳ ಮೇಲೆ ಅವು ಎಷ್ಟು ಸುಲಭವಾಗಿ ದುರಸ್ತಿಯಾಗುತ್ತವೆ ಎಂಬುದಕ್ಕೆ ಹತ್ತರಲ್ಲಿ ಅಂಕ ಕೊಟ್ಟು ಅಂಟಿಸುವ ಕಾನೂನು ಜಾರಿಗೆ ತಂದಿತು. ಅಂಥ ಅಂಕ ನಮ್ಮಲ್ಲಿ ಫ್ಯಾನಿಗೂ ಬರಬೇಕು. ಸರಳ ಯಂತ್ರವೊಂದನ್ನು ಬಿಸಾಡುವ ವಸ್ತುವಾಗಿ ಮಾಡಿರುವುದು ನನಗೆ ಬಹಳ ಬೇಸರದ ಸಂಗತಿ.

ಕರೆಂಟು ಹೋಗಿ ಬಂದಾಗ ಇನ್ನೊಂದು ಸಮಸ್ಯೆ. ರೆಗ್ಯುಲೇಟರಿನ ಫ್ಯಾನು ಕರೆಂಟು ಬಂದ ಕ್ಷಣ ತಾನೇ ತಿರುಗುತ್ತದೆ. ಎಲೆಕ್ಟ್ರಾನಿಕ್ ಗುಂಡಿಯ ಬಹಳಷ್ಟು ಟವರ್ ಫ್ಯಾನುಗಳು ಹಾಗಲ್ಲ, ಯಾರಾದರೂ ಎದ್ದು ಒತ್ತುವವರೆಗೆ ಸುಮ್ಮನೆ ನಿಂತಿರುತ್ತವೆ. ಬೇಸಿಗೆಯ ರಾತ್ರಿ ಎರಡು ಮೂರು ಸಲ ಕರೆಂಟು ಹೋಗುವ ಊರುಗಳಲ್ಲಿ, ಎದ್ದು ಬರಲಾಗದ ಅಜ್ಜಿಯ ಕೋಣೆಯಲ್ಲಿ ಇದು ಎಷ್ಟು ಕಷ್ಟವೆಂದು ಬಿಡಿಸಿ ಹೇಳಬೇಕಿಲ್ಲ. ರಿಮೋಟು ಕತ್ತಲಲ್ಲಿ ಸಿಗದು. ಕೊಳ್ಳುವಾಗ ಅಂಗಡಿಯಲ್ಲೇ ಫ್ಯಾನು ಓಡುತ್ತಿರುವಾಗ ಗೋಡೆಯ ಸ್ವಿಚ್ಚು ಆರಿಸಿ ಮತ್ತೆ ಹಾಕಿ ನೋಡಿದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಸದ್ದಿನ ಬಗ್ಗೆ ಎರಡು ಮಾತು. ಸೀಲಿಂಗ್ ಫ್ಯಾನು ನಿಮಿಷಕ್ಕೆ ಮುನ್ನೂರೈವತ್ತರ ಆಸುಪಾಸಿನಲ್ಲಿ ಸುತ್ತಿದರೆ ಸಾಕು. ಗೇಣಿಗಿಂತ ಕಿರಿದಾದ ಉರುಳೆ ಗಾಳಿ ಕೊಡಬೇಕಾದರೆ ಅದರ ಮೂರು ಪಟ್ಟು ವೇಗದಲ್ಲಿ ಸುತ್ತಬೇಕು. ಪ್ರತಿ ಪಟ್ಟಿಯೂ ಕವಚದ ಅಂಚನ್ನು ದಾಟುವಾಗ ಒಂದು ಸಣ್ಣ ಬಡಿತ, ಅವೆಲ್ಲ ಕೂಡಿ ಒಂದೇ ಶ್ರುತಿಯ ಗುಂಯ್ ಸದ್ದು. ಕೆಳಗಿನ ವೇಗದಲ್ಲಿ ಅದು ಹಿತವಾಗಿದ್ದರೂ ಅಲ್ಲಿ ಗಾಳಿ ಸಾಲದು. ಅಗಲ ಕಿರಿದಾದ ಪೀಠದ ಮೇಲೆ ಎತ್ತರಕ್ಕೆ ನಿಂತಿರುವುದರಿಂದ ಅಂಬೆಗಾಲಿಡುವ ಮಗು ಹಿಡಿದೆಳೆದರೆ ಮಗುಚಿಕೊಳ್ಳುವ ಅಪಾಯವನ್ನೂ ಮರೆಯಬಾರದು.

ಹಾಗಾದರೆ ಇದು ಯಾರಿಗೂ ಬೇಡವೇ? ಬೇಕಾದವರಿದ್ದಾರೆ. ಮಾಳಿಗೆಯಲ್ಲಿ ಕೊಕ್ಕೆ ಹಾಕಲು ಮನೆ ಮಾಲೀಕರು ಬಿಡದ ಬಾಡಿಗೆ ಕೋಣೆ, ತಗ್ಗಿದ ಹೆಂಚಿನ ಮಾಡು, ಒಬ್ಬರೇ ಕೂತು ಓದುವ ಮೇಜಿನ ಬದಿ, ರೆಕ್ಕೆಗೆ ಕೈ ಹಾಕುವ ಪುಟ್ಟ ಮಕ್ಕಳಿರುವ ಮನೆ. ಒಬ್ಬರಿಗೆ, ಹತ್ತಿರದಿಂದ, ಕೂತಿರುವಾಗ ಅದು ಒಳ್ಳೆಯ ಗಾಳಿಯನ್ನೇ ಕೊಡುತ್ತದೆ. ಕೊಕ್ಕೆ ಇರುವ ಕೋಣೆಗೆ ಮಾತ್ರ ಅದೇ ಹಣದಲ್ಲಿ ಐದು ನಕ್ಷತ್ರದ ಸೀಲಿಂಗ್ ಫ್ಯಾನು ತಂದುಕೊಳ್ಳಿ.

ಈಗಾಗಲೇ ಮನೆಯಲ್ಲಿ ಇದ್ದರೆ ಅದನ್ನು ಗೋಡೆಗೆ, ಪರದೆಗೆ ಒತ್ತಿ ನಿಲ್ಲಿಸಬೇಡಿ. ಈ ಉರುಳೆಗೆ ಒತ್ತಡದ ವಿರುದ್ಧ ಗಾಳಿ ಎಳೆಯುವ ಶಕ್ತಿ ಕಡಿಮೆ, ಹಿಂದೆ ಒಂದಡಿಯಾದರೂ ಖಾಲಿ ಜಾಗ ಬೇಕು. ಸಂಜೆಯ ಮೇಲೆ ಹೊರಗಿನ ಗಾಳಿ ತಣ್ಣಗಾದಾಗ ತೆರೆದ ಕಿಟಕಿಗೆ ಬೆನ್ನು ಮಾಡಿ ಇಟ್ಟರೆ ಆ ತಂಪನ್ನು ಒಳಗೆ ತರುತ್ತದೆ. ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಹಿಂಬದಿಯ ಜಾಲರಿಯ ಮೇಲೆ ವ್ಯಾಕ್ಯೂಮ್ ಕ್ಲೀನರಿನ ಬ್ರಷ್ಷು ಆಡಿಸಿ. ಮುಂದಿನ ಸೀಳಿನಿಂದ ಉದ್ದ ಕಡ್ಡಿಯ ಮೆತ್ತನೆ ಬ್ರಷ್ಷಿನಿಂದ ಉರುಳೆಯನ್ನು ಮೆಲ್ಲಗೆ ತಿರುಗಿಸುತ್ತಾ ಒಂದೊಂದೇ ಪಟ್ಟಿಯ ಧೂಳು ಸಡಿಲಿಸಿ. ಜಿಡ್ಡು ಕಟ್ಟುವ ಮೊದಲೇ ಮಾಡಿದರೆ ಬಹುಪಾಲು ಬರುತ್ತದೆ. ವಾರಂಟಿ ಮುಗಿದ ಮೇಲೆ ಗೊತ್ತಿರುವ ಎಲೆಕ್ಟ್ರಿಷಿಯನ್ನರಿಂದ ಒಮ್ಮೆ ಕವಚ ಬಿಚ್ಚಿಸಿ, ಉರುಳೆ ತೊಳೆಸಿ, ಮೇಲಿನ ಬುಷ್‌ಗೆ ಎಣ್ಣೆ ಬಿಡಿಸಿ. ಮಳೆ ಹಿಡಿದು ಫ್ಯಾನು ಮೂಲೆಗೆ ಹೋಗುವ ಮುಂಚೆ ಈ ಕೆಲಸ ಆಗಿರಲಿ. ಆಮೇಲೆ ಹಳೆಯ ಸೀರೆಯನ್ನೋ ಪಂಚೆಯನ್ನೋ ಹೊದಿಸಿ ಇಡಿ. ಕರಾವಳಿ, ಮಲೆನಾಡಿನಲ್ಲಿ ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ತೇವ ನಿಂತು ಮೋಟಾರಿನ ಕಬ್ಬಿಣ ತುಕ್ಕು ಹಿಡಿಯುತ್ತದೆ.